ಲೊಂಬಾರ್ಡ್‌ನಿಂದ ಮಾರವಾಡಿವರೆಗೆ: ಸೀಮೆಯ ಹೆಸರು ಗಿರವಿ ಅಂಗಡಿಯಾದ ಕಥೆ

(ಪಾಡ್‌ಕಾಸ್ಟ್‌ನ ಈ ಕಂತಿನ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

 

ಇವತ್ತು ಒಂದು ಶಬ್ದದ ಬೆನ್ನು ಹತ್ತಿ ಹೋಗೋಣ. ಶಬ್ದ ಇಟಲಿದು. ಆದರೆ ಅದು ಹೋಗಿ ಮುಟ್ಟೋದು ನಮ್ಮ ಪ್ಯಾಟಿಗೆ.

ಮೊದಲು ಒಂದು ಸಣ್ಣ ಪರೀಕ್ಷೆ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಹಾಡು ಜೋರಾಗಿ ಇಟ್ಟಿರ್ತೀರಿ. ಬಾಜೂಕ ಕುಂತೋರು ಏನೋ ಕೇಳ್ತಾರ. ನೀವು ಉತ್ತರ ಕೊಡ್ತೀರಿ. ಅವರು, 'ಯಾಕೋ, ಇಷ್ಟ್ಯಾಕ ಒದರ್ತಿ?' ಅಂತಾರ. ನಿಮಗೇನೋ ಸಾದಾ ದನಿಯಲ್ಲೇ ಮಾತಾಡಿದಂಗ ಅನ್ನಿಸಿರ್ತದ. ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ, ಹಿಟ್ಟಿನ ಗಿರಣಿ ಮುಂದೆ ನಿಂತಾಗಲೂ ಹೀಗೇ ಆಗ್ತದ. ಸುತ್ತ ಸಪ್ಪಳ ಹೆಚ್ಚಾದಂಗ ನಮಗೆ ಗೊತ್ತಿಲ್ಲದೇ ನಮ್ಮ ದನಿ ಏರ್ತದ. ಇದಕ್ಕೊಂದು ಹೆಸರಿದೆ: 'ಲೊಂಬಾರ್ಡ್ ಎಫೆಕ್ಟ್'. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ಕಿವಿ-ಮೂಗು-ಗಂಟಲು ವೈದ್ಯರು 1911ರಲ್ಲಿ ಇದನ್ನು ಬರೆದಿಟ್ಟರು. ಆಮೇಲೆ ಹಕ್ಕಿಗಳಲ್ಲಿ, ತಿಮಿಂಗಿಲಗಳಲ್ಲಿ ಕೂಡ ಇದೇ ಗುಣ ಕಂಡುಬಂತು.

ಈ ಲೊಂಬಾರ್ಡ್ ಅನ್ನೋ ಹೆಸರನ್ನ ನೀವು ಬೇರೆ ಎಲ್ಲಾದರೂ ಕೇಳೀರೇನು? ಕೇಳೇ ಇರ್ತೀರಿ. ಗಾಡಿಯ ವಿಮೆ ಕಾಗದದ ಮೇಲೆ 'ಐಸಿಐಸಿಐ ಲೊಂಬಾರ್ಡ್' ಅಂತ ಇರ್ತದ. ಐಸಿಐಸಿಐ ಮತ್ತು ಕೆನಡಾದ ಲೊಂಬಾರ್ಡ್ ಎಂಬ ಕಂಪನಿ ಕೂಡಿ 2001ರಲ್ಲಿ ಶುರು ಮಾಡಿದ ವಿಮಾ ಸಂಸ್ಥೆ ಅದು. ಲಂಡನ್ನಿನಲ್ಲಿ ಲೊಂಬಾರ್ಡ್ ಸ್ಟ್ರೀಟ್ ಇದೆ, ಪ್ಯಾರಿಸ್ಸಿನಲ್ಲಿ ಲೊಂಬಾರ್ಡರ ಓಣಿ ಇದೆ. ರಷ್ಯಾದಲ್ಲಿ, ಪೋಲೆಂಡಿನಲ್ಲಿ ರಸ್ತೆ ಬದಿಯ ಅಂಗಡಿಯ ಮೇಲೆ 'ಲೊಂಬಾರ್ಡ್' ಅಂತ ಬೋರ್ಡ್ ಕಂಡರೆ, ಅಲ್ಲಿ ಬಂಗಾರ, ವಾಚು, ಫೋನು ಗಿರವಿ ಇಟ್ಟುಕೊಂಡು ರೊಕ್ಕ ಕೊಡ್ತಾರೆ ಅಂತ ಅರ್ಥ.

ವೈದ್ಯರ ಹೆಸರು, ವಿಮೆ, ಬೀದಿ, ಗಿರವಿ ಅಂಗಡಿ. ಇವೆಲ್ಲ ಒಂದೇ ಶಬ್ದ ಹೆಂಗಾದವು?

ಉದ್ದ ಗಡ್ಡದವರ ಸೀಮೆ

ಇಟಲಿಯ ಉತ್ತರಕ್ಕೆ ಲೊಂಬಾರ್ಡಿ ಎಂಬ ಪ್ರದೇಶ ಇದೆ. ಮಿಲಾನ್ ಅದರ ರಾಜಧಾನಿ. ಈ ಸೀಮೆಗೆ ಹೆಸರು ಬಂದದ್ದು ಅಲ್ಲಿನ ಮೂಲ ಜನರಿಂದ ಅಲ್ಲ, ಹೊರಗಿನಿಂದ ಬಂದವರಿಂದ. ಕ್ರಿ.ಶ. 568ರಲ್ಲಿ ಆಲ್ಬೊಯಿನ್ ಎಂಬ ರಾಜನ ಹಿಂದೆ 'ಲಾಂಗೊಬಾರ್ಡಿ' ಎಂಬ ಜರ್ಮನಿಕ್ ಬುಡಕಟ್ಟಿನ ಜನ ಇಟಲಿಗೆ ನುಗ್ಗಿದರು. ಲಾಂಗೊಬಾರ್ಡಿ ಅಂದರೆ ಉದ್ದ ಗಡ್ಡದವರು ಅಂತ ಅರ್ಥ ಹೇಳ್ತಾರೆ.

ಇದಕ್ಕೊಂದು ಚಂದದ ಕಥೆ ಐತಿ. 8ನೇ ಶತಮಾನದಲ್ಲಿ ಪೌಲ್ ಎಂಬ ಕ್ರೈಸ್ತ ಸನ್ಯಾಸಿ ತನ್ನ ಜನರ ಚರಿತ್ರೆ ಬರೆದ. ಅವನು ಈ ಕಥೆ ಹೇಳಿ, ಇದು ನಗುವಂಥದ್ದು ಅಂತ ತಾನೇ ಸೇರಿಸ್ತಾನ. ಯುದ್ಧದ ದಿನ ಹೆಂಗಸರೂ ಗಂಡಸರ ಜೊತೆ ಸಾಲಾಗಿ ನಿಂತರಂತೆ. ಉದ್ದ ಕೂದಲನ್ನ ಮುಖದ ಮುಂದೆ ಗಡ್ಡದ ಹಂಗ ಇಳಿಬಿಟ್ಟಿದ್ದರಂತೆ. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದ ದೇವರು, 'ಯಾರಿವರು ಉದ್ದ ಗಡ್ಡದವರು?' ಅಂದನಂತೆ. ಹೆಸರಿಟ್ಟ ಮೇಲೆ ಗೆಲುವನ್ನೂ ಅವನೇ ಕೊಡಬೇಕಾಯ್ತಂತೆ.

ಅವರ ರಾಜ್ಯ ಸುಮಾರು 200 ವರ್ಷ ಬಾಳಿತು. 774ರಲ್ಲಿ ಫ್ರಾಂಕರ ರಾಜ ಶಾರ್ಲಮೇನ್ ಅದನ್ನು ಗೆದ್ದ. ರಾಜ್ಯ ಹೋಯ್ತು, ಹೆಸರು ಮಣ್ಣಿಗೆ ಅಂಟಿಕೊಂಡು ಉಳೀತು. ಹಿಂಗ ಜನರ ಹೆಸರು ಸೀಮೆಯ ಹೆಸರಾಯ್ತು. ಇದು ಮೊದಲನೇ ತಿರುವು.

ಸೀಮೆ ಹೋಗಿ ಕಸುಬಾಯ್ತು

ಎರಡನೇ ತಿರುವು 12, 13ನೇ ಶತಮಾನದ್ದು. ಕಾಲ ನೆನಪಿಟ್ಟುಕೊಳ್ಳಬೇಕು ಅಂದ್ರ, ನಮ್ಮ ಬಾಗೇವಾಡಿಯ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ರೊಕ್ಕದ ಲೆಕ್ಕ ನೋಡ್ತಿದ್ದ ಕಾಲ ಮತ್ತು ಅದರ ಮುಂದಿನ ನೂರು ವರ್ಷ.

ಆಗ ಯುರೋಪಿನಲ್ಲಿ ಕ್ರೈಸ್ತ ಧರ್ಮಪೀಠ ಬಡ್ಡಿ ತಗೊಳ್ಳೋದನ್ನ ಪಾಪ ಅಂತ ಸಾರಿತ್ತು. ಬಡ್ಡಿ ಪಾಪ ಅಂದಾಕ್ಷಣ ಸಾಲದ ಗರಜು ತಪ್ಪುತ್ತದೇನು? ರಾಜನಿಗೆ ದಂಡಿಗೆ ರೊಕ್ಕ ಬೇಕು, ರೈತನಿಗೆ ಬೀಜಕ್ಕೆ ಬೇಕು, ವ್ಯಾಪಾರಸ್ಥನಿಗೆ ಮಾಲಿಗೆ ಬೇಕು. ಉತ್ತರ ಇಟಲಿಯ ವ್ಯಾಪಾರಸ್ಥರು ಫ್ರಾನ್ಸ್, ಇಂಗ್ಲೆಂಡ್, ಈಗಿನ ಬೆಲ್ಜಿಯಂ ಕಡೆಯ ಪ್ಯಾಟಿಗಳಿಗೆ ಬಂದು ಕುಂತರು. ವಸ್ತು ಗಿರವಿ ಇಟ್ಟುಕೊಂಡು ಸಾಲ ಕೊಟ್ಟರು, ಒಂದೂರಿನ ನಾಣ್ಯಕ್ಕೆ ಇನ್ನೊಂದೂರಿನ ನಾಣ್ಯ ಕೊಟ್ಟರು. ಯಹೂದಿಗಳೂ ಈ ವ್ಯವಹಾರದಲ್ಲಿದ್ದರು. 1290ರಲ್ಲಿ ಇಂಗ್ಲೆಂಡಿನ ರಾಜ ಅವರನ್ನು ದೇಶದಿಂದಲೇ ಹೊರಗೆ ಹಾಕಿದ ಮೇಲೆ ಇಟಲಿಯವರ ಜಾಗ ಇನ್ನೂ ದೊಡ್ಡದಾಯ್ತು.

ಅಲ್ಲಿನ ಜನ ಇವರನ್ನೆಲ್ಲ 'ಲೊಂಬಾರ್ಡರು' ಅಂತ ಕರೆದರು. ಇಲ್ಲಿ ಒಂದು ಮಾತು ಗಮನಿಸ್ರಿ. ಇವರಲ್ಲಿ ಬಹಳಷ್ಟು ಮಂದಿ ಲೊಂಬಾರ್ಡಿಯವರೇ ಅಲ್ಲ! ಗಿರವಿ ವ್ಯವಹಾರಕ್ಕೆ ಹೆಸರಾಗಿದ್ದ ಆಸ್ತಿ ಪಟ್ಟಣ ಈಗಿನ ಪೀಡ್‌ಮಾಂಟ್ ಪ್ರದೇಶದಲ್ಲಿದೆ. ಫ್ಲಾರೆನ್ಸ್‌ನವರು ಟಸ್ಕನಿಯವರು. ಆದರೂ ಸಾಲ ತಗೊಳ್ಳೋರಿಗೆ ಎಲ್ಲಾರೂ ಲೊಂಬಾರ್ಡರೇ. ಯಾವ ಊರಿನವ ಅನ್ನೋದು ಮುಖ್ಯ ಅಲ್ಲ, ಏನು ಮಾಡ್ತಾನ ಅನ್ನೋದು ಮುಖ್ಯ ಆಯ್ತು. ಸೀಮೆಯ ಹೆಸರು ಕಸುಬಿನ ಹೆಸರಾಯ್ತು.

ಕಸುಬಿನ ಹೆಸರು ಬೈಗುಳ ಆಗಲಿಕ್ಕೆ ಹೊತ್ತು ಹಿಡಿಯಲಿಲ್ಲ. ದುರಾಸೆಯವ, ರಕ್ತ ಹೀರುವವ ಅನ್ನೋ ಅರ್ಥ ಅಂಟಿತು. ಫ್ರಾನ್ಸಿನ ರಾಜರು ಇದೇ ಜನರಿಂದ ಸಾಲ ತಗೊಂಡರು, ಇದೇ ಜನರನ್ನು ಹಿಡಿಸಿ ಆಸ್ತಿ ಜಪ್ತಿ ಮಾಡಿಸಿದರು. ಇಂಗ್ಲೆಂಡಿನ 3ನೇ ಎಡ್ವರ್ಡ್ ರಾಜ ಫ್ಲಾರೆನ್ಸಿನ ಬಾರ್ದಿ, ಪೆರುಟ್ಸಿ ಮನೆತನಗಳಿಂದ ಯುದ್ಧಕ್ಕೆ ಅಂತ ದೊಡ್ಡ ಸಾಲ ಎತ್ತಿದ, ಪೂರ್ತಿ ತೀರಿಸಲಿಲ್ಲ. 1340ರ ದಶಕದಲ್ಲಿ ಆ ಎರಡೂ ಮನೆತನಗಳ ವ್ಯವಹಾರ ಕುಸಿದು ಬಿತ್ತು.

ಒಂದೇ ಗಿರವಿ, ಮೂರು ದರ್ಜೆ

ಆಮೇಲೆ ಶಬ್ದಕ್ಕೆ ಕವಲೊಡೀತು. ರಷ್ಯನ್, ಪೋಲಿಷ್ ಭಾಷೆಗಳಲ್ಲಿ ಅದು ಬಡವರ ಗಿರವಿ ಅಂಗಡಿಯಾಗಿಯೇ ಉಳೀತು. ಡಚ್ಚರಲ್ಲಿ 'ಲೊಮ್ಮರ್ಡ್' ಅಂತ ಆಗಿ ಅದೇ ಅರ್ಥ ಹೊತ್ತುಕೊಂಡಿತು.

ಸ್ವಿಸ್ ಬ್ಯಾಂಕುಗಳಲ್ಲಿ ಅದೇ ಶಬ್ದ ಸೂಟು ಬೂಟು ಹಾಕ್ಕೊಂಡಿತು. ಅಲ್ಲಿ 'ಲೊಂಬಾರ್ಡ್ ಲೋನ್' ಅಂದರೆ ಶ್ರೀಮಂತರು ತಮ್ಮ ಷೇರು, ಬಾಂಡುಗಳನ್ನು ಬ್ಯಾಂಕಿಗೆ ಒತ್ತೆ ಇಟ್ಟು ಪಡೆಯುವ ಸಾಲ. ಜರ್ಮನಿಯಲ್ಲಿ ಇನ್ನೂ ಮೇಲಕ್ಕೆ ಹೋಯ್ತು. ಅಲ್ಲಿನ ಕೇಂದ್ರ ಬ್ಯಾಂಕು ಉಳಿದ ಬ್ಯಾಂಕುಗಳಿಗೆ, ಬಾಂಡು ಒತ್ತೆ ಇಟ್ಟುಕೊಂಡು ಕೊಡುತ್ತಿದ್ದ ಸಾಲದ ಬಡ್ಡಿ ದರಕ್ಕೇ 'ಲೊಂಬಾರ್ಡ್ ದರ' ಎಂಬ ಹೆಸರಿತ್ತು. ಯೂರೋ ಬರುವ ತನಕ ಪತ್ರಿಕೆಗಳು ಅದನ್ನು ಮುಖಪುಟದಲ್ಲಿ ಬರೀತಿದ್ದವು. ನಮ್ಮಲ್ಲಿ ಆರ್‌ಬಿಐ 2011ರಲ್ಲಿ ಇದೇ ಥರದ ಒಂದು ಸೌಲಭ್ಯ ತಂತು. ಬ್ಯಾಂಕುಗಳಿಗೆ ತುರ್ತಾಗಿ ರೊಕ್ಕ ಬೇಕಾದರೆ ಸರ್ಕಾರಿ ಬಾಂಡು ಒತ್ತೆ ಇಟ್ಟು ಒಂದು ರಾತ್ರಿಯ ಮಟ್ಟಿಗೆ ಸಾಲ ಪಡೀಬಹುದು. ಅದರ ಹೆಸರು 'ಮಾರ್ಜಿನಲ್ ಸ್ಟ್ಯಾಂಡಿಂಗ್ ಫೆಸಿಲಿಟಿ'.

ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಅಂತೂ ಬ್ಯಾಂಕುಗಳ ತವರಾಯ್ತು. 1873ರಲ್ಲಿ ವಾಲ್ಟರ್ ಬ್ಯಾಜಟ್ ಎಂಬ ಪತ್ರಿಕಾ ಸಂಪಾದಕ ಹಣದ ಮಾರುಕಟ್ಟೆಯ ಬಗ್ಗೆ ಬರೆದ ಪುಸ್ತಕಕ್ಕೆ ಇಟ್ಟ ಹೆಸರೇ 'ಲೊಂಬಾರ್ಡ್ ಸ್ಟ್ರೀಟ್'. ಬ್ಯಾಂಕುಗಳಿಗೆ ಗಾಬರಿ ಬಿದ್ದಾಗ ಕೇಂದ್ರ ಬ್ಯಾಂಕು ಏನು ಮಾಡಬೇಕು ಅಂತ ಈಗಲೂ ಆ ಪುಸ್ತಕ ತೆಗೆದು ನೋಡ್ತಾರೆ.

ಈಗ ಮೂರನ್ನೂ ಬಾಜೂ ಬಾಜೂಕ ಇಟ್ಟು ನೋಡ್ರಿ. ಮುದ್ದೇಬಿಹಾಳದ ಅವ್ವ ಮಗಳ ಫೀಗೆ ಪಾಟ್ಲಿ ಇಡ್ತಾಳ. ಜ್ಯೂರಿಕ್‌ನ ಸಾಹುಕಾರ ಷೇರು ಇಡ್ತಾನ. ಮುಂಬೈನ ಬ್ಯಾಂಕು ಸರ್ಕಾರಿ ಬಾಂಡು ಇಡ್ತದ. ಮಾಡೋ ಕೆಲಸ ಒಂದೇ: ಬೆಲೆಬಾಳೋದು ಏನೋ ಒಂದನ್ನ ಇಟ್ಟು ರೊಕ್ಕ ತಗೊಳ್ಳೋದು. ಆದರೆ ಮೊದಲನೇದಕ್ಕೆ ನಾವು ದನಿ ತಗ್ಗಿಸಿ 'ಗಿರವಿ ಇಟ್ಟಾರ' ಅಂತೀವಿ. ಎರಡನೇದಕ್ಕೆ 'ಹಣಕಾಸು ಜಾಣತನ' ಅಂತೀವಿ. ಮೂರನೇದು ಸುದ್ದಿಯಾಗ್ತದ. ನಾಚಿಕೆ ಅನ್ನೋದು ಕೆಲಸದಲ್ಲಿ ಇಲ್ಲ, ನಾವು ಅದಕ್ಕೆ ಇಟ್ಟ ಹೆಸರಿನಲ್ಲಿ ಐತಿ.

ನಮ್ಮ ಪ್ಯಾಟಿಯ ಲೊಂಬಾರ್ಡ್

ಇನ್ನ ನಮ್ಮೂರಿಗೆ ಬರೋಣ. ಸಿಂದಗಿಯಲ್ಲಿ ಆಗಲಿ, ಇಂಡಿಯಲ್ಲಿ ಆಗಲಿ, 'ಬೋರಮಾಳ ಎಲ್ಲಿ ಐತಿ?' ಅಂತ ಕೇಳಿದರ ಹಳೇ ಮಂದಿ ಏನಂತಾರ? 'ಮಾರವಾಡಿ ಹಂತ್ಯಾಕ ಐತಿ.' ಆ ಮಾರವಾಡಿಯ ಹೆಸರೇನು ಅಂತ ಬಹಳ ಸಲ ಗೊತ್ತೇ ಇರೂದಿಲ್ಲ.

ಮಾರವಾಡ ಅಂದರೆ ರಾಜಸ್ಥಾನದ ಜೋಧಪುರದ ಸುತ್ತಲಿನ ಸೀಮೆ. 'ಮರು' ಅಂದರೆ ಮರಳುಗಾಡು. ಆ ಸೀಮೆಯಿಂದ ಬಂದವ ಮಾರವಾಡಿ. ಇದು ಮೊದಲ ಅರ್ಥ. ಗಿರವಿ ಇಟ್ಟುಕೊಳ್ಳುವವ, ಅವನ ಅಂಗಡಿ, ಇದು ಎರಡನೇದು. ಕೈಬಿಗಿ ಹಿಡಿಯುವವ, ಜಿಪುಣ ಅನ್ನೋದು ಮೂರನೇದು. ಗೆಳೆಯ ಚಹಾದ ರೊಕ್ಕ ಕೊಡಲಿಲ್ಲ ಅಂದ್ರ, 'ಏ, ಭಾಳ ಮಾರವಾಡಿ ಅದಿ ಬಿಡಲೇ' ಅಂತೀವಲ್ಲ, ಅದು. ಆ ಗೆಳೆಯ ಪಕ್ಕಾ ದೇವರ ಹಿಪ್ಪರಗಿಯವ ಇರ್ತಾನ!

ಲೊಂಬಾರ್ಡ್ ನಡೆದ ದಾರಿಯೇ ಇದು. ಮೊದಲು ಜನ, ಆಮೇಲೆ ಕಸುಬು, ಆಮೇಲೆ ಬೈಗುಳ. ಲೊಂಬಾರ್ಡಿಯವರಲ್ಲದವರೂ ಲೊಂಬಾರ್ಡರಾದಂತೆ ಇಲ್ಲಿ ಗುಜರಾತದಿಂದ ಬಂದ ವ್ಯಾಪಾರಸ್ಥರೂ ಎಷ್ಟೋ ಸಲ 'ಮಾರವಾಡಿ'ಗಳಾದರು. ಇನ್ನೊಂದು ಕಡೆ, ಮಾರವಾಡದಿಂದ ಬಂದು ಬಟ್ಟೆ, ಪೈಪು, ಕರೆಂಟಿನ ಸಾಮಾನು, ಮಿಠಾಯಿ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಬಡ್ಡಿ ವ್ಯವಹಾರದ ಮಕನೇ ನೋಡಿಲ್ಲ. ಹೆಸರು ಮಾತ್ರ ಅವರನ್ನೂ ಬಿಡೋದಿಲ್ಲ.

ಹಂಗಂತ ಈ ಶಬ್ದದ ಹಿಂದಿನ ಸಿಟ್ಟು ಸುಳ್ಳು ಅಲ್ಲ. ಅದಕ್ಕೂ ಇತಿಹಾಸ ಐತಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಲ ಸಲೀಸಾಗಿ ಸಿಕ್ಕಿತು. ಯುದ್ಧ ಮುಗೀತು, ಬೆಲೆ ಬಿತ್ತು, ಸರ್ಕಾರ ಭೂಕಂದಾಯ ಏರಿಸಿತು, ಸಾಲ ಮಾತ್ರ ಹಂಗೇ ಉಳೀತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ರೈತರು ಮಾರವಾಡಿ, ಗುಜರಾತಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಲೆಕ್ಕದ ಪುಸ್ತಕ, ಸಾಲಪತ್ರ ಹುಡುಕಿ ಹುಡುಕಿ ಸುಟ್ಟರು. ಗಲಾಟೆ ಅಹ್ಮದನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ 'ದಖ್ಖನ್ ದಂಗೆ' ಅಂತಾರೆ. ಬ್ರಿಟಿಷ್ ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಇಂಡಿಗೆ ಮಗ್ಗುಲಿನ ಸೊಲ್ಲಾಪುರ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿತ್ತು.

ಆ ರೈತರು ಸುಟ್ಟದ್ದು ಏನು ಅಂತ ಗಮನಿಸ್ರಿ: ಕಾಗದ. ತಾವು ಓದಲಾರದ ಕಾಗದ, ತಮ್ಮ ಹೆಬ್ಬೆಟ್ಟು ಇದ್ದ ಕಾಗದ. ಅವರಿಗೆ ಗೊತ್ತಿತ್ತು, ನೋವು ಇರೋದು ಕರಾರಿನಲ್ಲಿ ಅಂತ. ಕಾಲ ಕಳೆದಂಗ ನಾವು ಕಾಗದ ಮರೆತು ಊರಿನ ಹೆಸರು ಮಾತ್ರ ನೆನಪಿಟ್ಟೆವು.

ಊರು ಕೇಳಬ್ಯಾಡ್ರಿ, ಕರಾರು ಕೇಳ್ರಿ

ಇದರಿಂದ ನಷ್ಟ ಯಾರಿಗೆ? ನಮಗೇ.

'ಮಾರವಾಡಿ' ಅಂದ್ರ ಬಡ್ಡಿ ಹೆಚ್ಚು ಅಂತ ನಾವು ಮನಸ್ಸಿನಲ್ಲಿ ಬರ್ಕೊಂಡಿರ್ತೀವಿ. 'ನಮ್ಮವ' ಅಂದ್ರ ಏನೂ ಕೇಳೋದೇ ಇಲ್ಲ. ಹಳ್ಳಿಯಲ್ಲಿ ಕೈಸಾಲ ಕೊಡೋರು ಬಹುತೇಕ ನಮ್ಮೂರಿನವರೇ, ನಮ್ಮ ಬೀಗರೇ. ಅವರು ಬಡ್ಡಿ ಹೆಂಗ ಹೇಳ್ತಾರ? 'ನೂರಕ್ಕ ಮೂರು.' ಕೇಳಲಿಕ್ಕೆ ಎಷ್ಟು ಸಣ್ಣದು! ಆದರ ಅದು ತಿಂಗಳ ಲೆಕ್ಕ. 50,000 ರೂಪಾಯಿಗೆ ತಿಂಗಳಿಗೆ 1,500, ವರ್ಷಕ್ಕೆ 18,000. ಅಂದ್ರ ವರ್ಷಕ್ಕೆ ಶೇಕಡಾ 36. 'ನೂರಕ್ಕ ಎರಡು' ಅಂದ್ರೂ ವರ್ಷಕ್ಕೆ 24. ಬ್ಯಾಂಕಿನವ 'ಶೇಕಡಾ 10' ಅಂದಾಗ, ನೂರಕ್ಕ ಮೂರು ಎಲ್ಲಿ, ಹತ್ತು ಎಲ್ಲಿ, ಬ್ಯಾಂಕೇ ತುಟ್ಟಿ ಅಂತ ಅಂದುಕೊಂಡು ವಾಪಸ್ ಬಂದವರೂ ಇದ್ದಾರೆ. ಒಂದು ತಿಂಗಳದ್ದು, ಇನ್ನೊಂದು ವರ್ಷದ್ದು!

ನಮ್ಮ ರಾಜ್ಯದ ಕಾನೂನಿನಲ್ಲಿ 'ಮಾರವಾಡಿ' ಅನ್ನೋ ಶಬ್ದ ಇಲ್ಲ. 1961ರಲ್ಲಿ ಬಂದ ಎರಡು ಕಾಯ್ದೆಗಳಿವೆ. ಒಂದು ಲೇವಾದೇವಿಗಾರರದ್ದು, ಇನ್ನೊಂದು ಗಿರವಿದಾರರದ್ದು. ಗಿರವಿ ವ್ಯವಹಾರ ಮಾಡೋರು ಜೋಧಪುರದವರೇ ಇರಲಿ, ಜೇವರ್ಗಿಯವರೇ ಇರಲಿ, ಲೈಸೆನ್ಸ್ ಬೇಕು. ಇಟ್ಟ ವಸ್ತುವಿಗೆ ರಸೀದಿ ಕೊಡಬೇಕು. ಮಿತಿಮೀರಿದ ಬಡ್ಡಿ ತಡೆಯಲಿಕ್ಕೆ 2004ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಿರು ಸಾಲದ ವಸೂಲಿಯಲ್ಲಿ ಕಿರುಕುಳ ಕೊಡೋದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು.

ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಬಂಗಾರ ಇಡೋರಿಗೆ ಆರ್‌ಬಿಐನ ಹೊಸ ನಿಯಮಗಳಿವೆ. 2025ರ ಜೂನ್‌ನಲ್ಲಿ ಹೊರಟವು. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕು. ಮೂರು ಮಾತು ನೆನಪಿಡ್ರಿ. ಒಂದು, ಎರಡೂವರೆ ಲಕ್ಷದ ತನಕದ ಸಾಲಕ್ಕೆ ಬಂಗಾರದ ಬೆಲೆಯ ಶೇಕಡಾ 85ರವರೆಗೆ ಕೊಡಬಹುದು. ಎರಡು, ಸಾಲ ತೀರಿದ ಮೇಲೆ ಬಂಗಾರವನ್ನು ಅದೇ ದಿನ, ಹೆಚ್ಚೆಂದರೆ 7 ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಅವರ ಕಡೆಯಿಂದಲೇ ತಡ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಮೂರು, ಕರಾರಿನ ಮುಖ್ಯ ಅಂಶಗಳನ್ನು ಆ ಪ್ರದೇಶದ ಭಾಷೆಯಲ್ಲಿ ಅಥವಾ ಸಾಲ ತಗೊಳ್ಳೋರು ಕೇಳಿದ ಭಾಷೆಯಲ್ಲಿ ತಿಳಿಸಬೇಕು. ಅಂದ್ರ, 'ಕನ್ನಡದಾಗ ಹೇಳ್ರಿ' ಅಂತ ನಿಮ್ಮ ಅವ್ವ ಕೇಳಬಹುದು. ಅದು ಉಪಕಾರ ಅಲ್ಲ, ಹಕ್ಕು.

ಹಂಗಾಗಿ ಮುಂದಿನ ಸಲ ಮನೆಯ ಬಂಗಾರ ಹೊರಗೆ ಹೋಗೋ ಹೊತ್ತಿಗೆ, ಅಂಗಡಿಯವ ಯಾವ ಊರಿನವ ಅಂತ ಕೇಳಬ್ಯಾಡ್ರಿ. ಲೈಸೆನ್ಸ್ ಐತೇನು? ತೂಕ ಬರೆದ ರಸೀದಿ ಕೊಡ್ತೀರೇನು? ವರ್ಷಕ್ಕೆ ಬಡ್ಡಿ ಎಷ್ಟು? ಈ ಮೂರು ಕೇಳ್ರಿ. ಉತ್ತರ ಬರಲಿಲ್ಲ ಅಂದ್ರ, ಅವ ಸ್ವಂತ ಕಾಕಾ ಇದ್ದರೂ ಮುಂದಿನ ಅಂಗಡಿಗೆ ಹೋಗ್ರಿ.

ಮಾಲಿನ ಮೇಲೆ ಊರಿನ ಹೆಸರು, ಮನುಷ್ಯನ ಮೇಲೆ ಊರಿನ ಹೆಸರು

ಊರಿನ ಹೆಸರು ಬೇರೆ ಅರ್ಥ ಪಡೆಯೋದು ಯಾವಾಗಲೂ ಕೆಟ್ಟದ್ದೇನೂ ಅಲ್ಲ. ಮನೆಯೊಳಗೆ ಒಮ್ಮೆ ಸುತ್ತು ಹಾಕ್ರಿ. ಆಯಿ ಉಟ್ಟಿದ್ದು 'ಇಳಕಲ್ಲ'. ಅದು ಊರಿನ ಹೆಸರು, ಈಗ ಸೀರೆಯ ಹೆಸರು. ಪಡಸಾಲೆಗೆ ಹಾಸಿದ್ದು 'ಶಾಬಾದಿ ಕಲ್ಲು', ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಬಂದ ಹೆಸರು. ಹೊಲದ ಬದುವಿನಲ್ಲಿ ಬೆಳೆದು ಕಾಡೋದು 'ಬಳ್ಳಾರಿ ಜಾಲಿ'. ಅದರ ಮೂಲ ದಕ್ಷಿಣ ಅಮೆರಿಕ ಕಡೆಯದು, ಬಳ್ಳಾರಿ ಸುಮ್ಮನೆ ಹೆಸರು ಹೊತ್ತಿದೆ ಅಷ್ಟೆ! ನಮ್ಮ 'ಇಂಡಿ ಲಿಂಬಿ'ಗೆ ಜಿಐ ಟ್ಯಾಗ್ ಸಿಕ್ಕಿದೆ. ಇಂಡಿ ಅನ್ನೋ ಹೆಸರು ಈಗ ಕಾನೂನು ಕಾಯುವ ಆಸ್ತಿ.

ಮಾಲಿನ ಮೇಲೆ ಊರಿನ ಹೆಸರು ಬಿದ್ದರೆ ಹೆಮ್ಮೆ. ಮನುಷ್ಯನ ಮೇಲೆ ಬಿದ್ದರೆ? ಅದನ್ನ ನಮ್ಮ ಜಿಲ್ಲೆಯವರಿಗಿಂತ ಚೆನ್ನಾಗಿ ಯಾರೂ ಬಲ್ಲರು ಅನ್ನಿಸೋದಿಲ್ಲ.

ಬೇಸಿಗೆ ಬಂದರೆ ನಮ್ಮ ಕಡೆಯ ಎಷ್ಟೋ ಮನೆಗೆ ಕೀಲಿ ಬೀಳ್ತದ. ಮಂದಿ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಕಟ್ಟಡ ಕೆಲಸಕ್ಕೆ, ಬಂದರಿನ ಕೂಲಿಗೆ ಹೋಗ್ತಾರ. ಅಲ್ಲಿ ಗೋವಾದಲ್ಲಿ ಅವರಿಗೆ ಒಂದು ಹೆಸರು ಕಾದಿರ್ತದ: 'ಘಾಟಿ'. ಶಬ್ದದ ಅರ್ಥ ಇಷ್ಟೇ, ಘಟ್ಟದ ಆಚೆಯವ. ಭೂಗೋಳದ ಶಬ್ದ. ಆದರೆ ಅದನ್ನ ಅನ್ನೋ ದನಿಯಲ್ಲಿ ಇರೋದು ಬೇರೆ: ಕೊಳಕು, ಒರಟು, ಕೂಲಿಯವ. ಮುಂಬೈಯಲ್ಲಿ ಇದೇ ಶಬ್ದವನ್ನ ಘಟ್ಟದ ಮೇಲಿನ ಮರಾಠಿ ಮಂದಿಗೇ ಬಳಸ್ತಾರ. ಎಲ್ಲಿ ಹೋದರೂ ಘಟ್ಟ ಅದೇ, ಕೆಳಗಿನವ ಮೇಲಿನವನಿಗೆ ಅನ್ನೋ ಮಾತೂ ಅದೇ.

ಇನ್ನೊಂದು ಶಬ್ದ 'ಲಮಾಣಿ'. ನಮ್ಮ ಮುದ್ದೇಬಿಹಾಳ, ಬಾಗೇವಾಡಿ, ಇಂಡಿ ಕಡೆಯ ತಾಂಡಾಗಳ ಜನ. ಕನ್ನಡಿ ಕೂಡಿಸಿದ ಕಸೂತಿ, ಗುಳೆ, ಕಬ್ಬು ಕಡಿಯೋ ಕೆಲಸ, ಎಲ್ಲಾ ನಮಗೆ ಗೊತ್ತಿರೋದು. ಗೋವಾದ ಬೀಚಿನಲ್ಲಿ 'ಲಮಾಣಿ' ಅಂದರೆ ಒಂದು ಸಮುದಾಯ ಅಂತ ಎಷ್ಟೋ ಮಂದಿಗೆ ತಿಳಿಯೋದೇ ಇಲ್ಲ. ಸರ, ಬಟ್ಟೆ ಹೊತ್ತು ಮಾರೋ ಹೆಂಗಸು ಅಂತ ಅಷ್ಟೇ ಅರ್ಥ. ಅಲ್ಲಿಯೂ ಜನದ ಹೆಸರು ಕಸುಬಿನ ಹೆಸರಾಯ್ತು.

ಈಗ ಕೇಳ್ರಿ. ಲಂಬಾಣಿಗರು ಮನೆಯಲ್ಲಿ ಆಡೋ ಗೋರ್‌ಬೋಲಿ ರಾಜಸ್ಥಾನಿ ಭಾಷೆಗಳ ಬಳಗಕ್ಕೆ ಸೇರಿದ್ದು. ತಾಂಡಾದ ಹಿರಿಯರನ್ನ ಕೇಳಿದರೆ ಮೂಲ ಮಾರವಾಡ ಅಂತಲೇ ಹೇಳ್ತಾರ. ಒಂದೇ ಮರಳುಗಾಡಿನ ಕಡೆಯಿಂದ, ಬೇರೆ ಬೇರೆ ಕಾಲದಲ್ಲಿ, ಎರಡು ಗುಂಪು ನಮ್ಮ ಜಿಲ್ಲೆಗೆ ಬಂದವು. ಒಬ್ಬರು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಬಂದರು, ಇನ್ನೊಬ್ಬರು ಲೆಕ್ಕದ ಪುಸ್ತಕ ಹಿಡ್ಕೊಂಡು ಬಂದರು. ರೈಲು ಬಂದ ಮೇಲೆ ಎತ್ತಿನ ವ್ಯಾಪಾರ ಸತ್ತಿತು, ಪುಸ್ತಕದ ವ್ಯಾಪಾರ ಬೆಳೀತು. ಇವತ್ತು ಗೋವಾಕ್ಕೆ ಹೋಗೋ ಮುಂಚೆ ಬಸ್ ಚಾರ್ಜಿಗೆ ಅಂತ ತಾಂಡಾದ ಹೆಣ್ಣುಮಗಳು ಬೆಳ್ಳಿ ಕಡಗ ತಗೊಂಡು ಅದೇ ಗಿರವಿ ಅಂಗಡಿ ಮೆಟ್ಟಿಲು ಹತ್ತಬಹುದು. ಕೌಂಟರಿನ ಆಚೆ ಈಚೆ ನಿಂತ ಇಬ್ಬರ ಹಿರಿಯರೂ ಒಂದೇ ದಿಕ್ಕಿನವರು. ನಾವು ಮಾತ್ರ ಒಬ್ಬನ ಹೆಸರನ್ನ ಬಡ್ಡಿಗೆ ಬೈಗುಳ ಮಾಡಿದೆವು, ಇನ್ನೊಬ್ಬರ ಹೆಸರನ್ನ ಬಡತನಕ್ಕೆ.

ಬೈಗುಳ ಹೆಂಗ ತೊಳೆದು ಹೋಗ್ತದ?

ಕೊನೆಗೆ ಒಂದು ಪ್ರಶ್ನೆ ಉಳೀತದ. 'ಲೊಂಬಾರ್ಡ್' ಒಂದು ಕಾಲಕ್ಕೆ ಬೈಗುಳ. ಈಗ ವಿಮೆ ಕಂಪನಿ ಅದನ್ನ ಹೆಮ್ಮೆಯಿಂದ ಬೋರ್ಡಿಗೆ ಹಾಕ್ಕೊಳ್ತದ. ಅದು ಹೆಂಗ ತೊಳೆದು ಹೋಯ್ತು?

ಜನ ಒಳ್ಳೆಯವರಾದರು ಅಂತಲ್ಲ. ಆ ಕಸುಬು ಮಾಡೋರು ದೊಡ್ಡವರಾದರು. ಗಿರವಿ ಅಂಗಡಿ ಇದ್ದ ಬೀದಿಯಲ್ಲಿ ಬ್ಯಾಂಕು ಎದ್ದವು, ಬ್ಯಾಂಕಿನ ಹತ್ತಿರ ರಾಜ್ಯಗಳೇ ಸಾಲಕ್ಕೆ ನಿಂತವು. ಶಬ್ದಕ್ಕೆ ಮರ್ಯಾದೆ ಬಂದದ್ದು ರೊಕ್ಕದ ಬೆನ್ನ ಹಿಂದೆ. ರಷ್ಯಾದ ಬಡ ಗಿರಾಕಿಯ ಓಣಿಯಲ್ಲಿ ಅದೇ ಶಬ್ದ ಇನ್ನೂ ಬಡವಾಗೇ ಉಳಿದಿದೆ ನೋಡ್ರಿ.

ಹಂಗಂದ್ರ 'ಘಾಟಿ', 'ಲಮಾಣಿ', 'ಮಾರವಾಡಿ' ಅನ್ನೋ ಶಬ್ದಗಳು ತಾವಾಗೇ ಶುದ್ಧ ಆಗೋ ತನಕ ಕಾಯಬೇಕು ಅಂದ್ರ, ಎಲ್ಲಾರೂ ಶ್ರೀಮಂತರಾಗೋ ತನಕ ಕಾಯಬೇಕು. ಅಷ್ಟು ಪುರುಸೊತ್ತು ನಮಗಿಲ್ಲ. ಅದಕ್ಕಿಂತ ಸಸ್ತಾದ ದಾರಿ ಐತಿ. ಮನುಷ್ಯನನ್ನ ಅವನ ಹೆಸರಿನಿಂದ ಕರೆಯೋದು. ವ್ಯವಹಾರವನ್ನ ಅದರ ಕರಾರಿನಿಂದ ಅಳೆಯೋದು. ಗಿರವಿ ಅಂಗಡಿಯವನ ಬಡ್ಡಿ ಹೆಚ್ಚಾದರೆ 'ನಿಮ್ಮ ಬಡ್ಡಿ ಹೆಚ್ಚಾಯ್ತು' ಅನ್ರಿ, 'ಮಾರವಾಡಿ ಬುದ್ಧಿ' ಅನ್ನಬ್ಯಾಡ್ರಿ. ಬುದ್ಧಿಗೆ ಬೈದರೆ ಅವ ಸುಮ್ಮನೆ ನಗ್ತಾನ. ಬಡ್ಡಿಯ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾಗ್ತದ. ಇದೇ ಮಾತು ಗೋವಾದ ಗುತ್ತಿಗೆದಾರನಿಗೂ ಹೊಂದ್ತದ. ಅವ 'ಘಾಟಿ' ಅಂದಾಗ, 'ನನ್ನ ಹೆಸರು ಇದು, ನನ್ನ ದಿನದ ಪಗಾರ ಇಷ್ಟು, ಬಾಕಿ ಇಷ್ಟು' ಅನ್ನೋ ಧೈರ್ಯ ನಮ್ಮ ಹುಡುಗರಿಗೆ ಬರಲಿ.

ಇವತ್ತಿಗೆ ಇಷ್ಟು ಸಾಕು. ನಿಮ್ಮ ಕಡೆ ಊರಿನ ಹೆಸರಿನಿಂದ ಹುಟ್ಟಿದ ಶಬ್ದ ಯಾವುದಾದರೂ ಇದ್ದರೆ, ಹೊಗಳಿಕೆಯೇ ಇರಲಿ, ಬೈಗುಳವೇ ಇರಲಿ, ವಾಯ್ಸ್ ಮೆಸೇಜ್ ಮಾಡಿ ಕಳಿಸ್ರಿ. ಯಾವ ಊರಿಂದ, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಹೇಳ್ರಿ. ಮನೆಯಲ್ಲಿ ಬಂಗಾರ ಇಟ್ಟ ರಸೀದಿ ಇದ್ದರೆ, ಇವತ್ತು ರಾತ್ರಿ ಒಮ್ಮೆ ತೆಗೆದು ಅವ್ವ, ಅಪ್ಪನಿಗೆ ಓದಿ ಹೇಳ್ರಿ. ತೂಕ, ಬಡ್ಡಿ, ಬಿಡಿಸಬೇಕಾದ ತಾರೀಖು, ಮೂರೂ ನೋಡ್ರಿ.